ಒಂದೇ ವಿಳಾಸದ ಹಿಂದೆ ಹದಿನಾರು ರಿಜಿಸ್ಟರ್: ಜೈಲಾಗ್ 8530 ಸೀರಿಯಲ್ ಚಿಪ್‌ನಲ್ಲಿ ದೋಷ ಹುಡುಕುವುದು

ಪೋರ್ಟ್ ಬೆಳಗ್ಗೆಯಿಂದ ಚೆನ್ನಾಗಿ ಓಡುತ್ತಿರುತ್ತದೆ. ಮಧ್ಯಾಹ್ನ ಯಾವಾಗಲೋ ಕಳುಹಿಸುವುದನ್ನು ನಿಲ್ಲಿಸುತ್ತದೆ, ಬರುವುದು ಮಾತ್ರ ಬರುತ್ತಲೇ ಇರುತ್ತದೆ. ಇಲ್ಲವೇ ಯಾರೂ ಕಳಿಸದ ಒಂದು ಅಕ್ಷರ ಪಕ್ಕದ ಪೋರ್ಟಿನಲ್ಲಿ ಎಲ್ಲಿಂದಲೋ ತೂರಿಕೊಳ್ಳುತ್ತದೆ. ಕೇಬಲ್ ಬದಲಿಸಿ, ಲೈನ್ ಡ್ರೈವರ್ ಬದಲಿಸಿ, ಕೊನೆಗೆ ಚಿಪ್ಪನ್ನೇ ಕಿತ್ತು ಹೊಸದು ಹಾಕಿದರೂ ಅದೇ ಹಾಡು. ಜೈಲಾಗ್ 8530 ಇರುವ ಬೋರ್ಡುಗಳಲ್ಲಿ ಇಂಥ ದೂರು ಬಂದಾಗ ನಾನು ಚಿಪ್ಪನ್ನು ಕೊನೆಗೆ ಅನುಮಾನಿಸುತ್ತೇನೆ. ಒಂದು ರಿಜಿಸ್ಟರಿಗೆ (ಚಿಪ್ಪಿನೊಳಗೆ ಒಂದು ಬೆಲೆ ಹಿಡಿದಿಡುವ ಚಿಕ್ಕ ಜಾಗ) ಬರೆದೆವು ಎಂದು ಪ್ರೋಗ್ರಾಂ ನಂಬಿರುತ್ತದೆ, ಬೆಲೆ ಹೋಗಿ ಕೂತಿರುವುದು ಇನ್ನೊಂದರಲ್ಲಿ. ಅದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳದೆ ಬೇರೆ ಏನನ್ನು ಪರೀಕ್ಷಿಸಿದರೂ ಸಿಗುವ ಉತ್ತರವನ್ನು ನಂಬುವ ಹಾಗಿಲ್ಲ.

8530 ಬಂದದ್ದು 1980ರ ದಶಕದ ಮೊದಲ ವರ್ಷಗಳಲ್ಲಿ. 1984ರ ಮೊದಲ ಮ್ಯಾಕಿಂತಾಶ್‌ನ ಎರಡೂ ಸೀರಿಯಲ್ ಪೋರ್ಟುಗಳನ್ನು ನಡೆಸಿದ್ದು ಇದೇ. ಸನ್ ವರ್ಕ್‌ಸ್ಟೇಷನ್‌ಗಳಲ್ಲಿ ಟರ್ಮಿನಲ್ ಪೋರ್ಟುಗಳಿಗೊಂದು, ಕೀಬೋರ್ಡು-ಮೌಸಿಗೆ ಇನ್ನೊಂದು ಇರುತ್ತಿತ್ತು. ಎಎಂಡಿ ಕೂಡ ಇದನ್ನು ತಯಾರಿಸಿತು. ಆಮೇಲೆ ಸೀಮಾಸ್ ತಂತ್ರಜ್ಞಾನದ 85ಸಿ30, ದೊಡ್ಡ ಫೈಫೋ (ಅಕ್ಷರಗಳು ಸರದಿಯಲ್ಲಿ ಕಾಯುವ ಜಾಗ) ಇರುವ 85230 ಬಂದವು. ಹಳೆಯ ಕಂಪ್ಯೂಟರ್ ದುರಸ್ತಿ ಮಾಡುವವರಿಗೂ ಕಾರ್ಖಾನೆಯ ಹಳೆಯ ನಿಯಂತ್ರಕ ಬೋರ್ಡುಗಳನ್ನು ಜೀವಂತ ಇಡುವವರಿಗೂ ಇದು ಈಗಲೂ ಎದುರಾಗುತ್ತದೆ. ಇಲ್ಲಿ ಅಸಿಂಕ್ರೊನಸ್ (ಜೊತೆಗೆ ಗಡಿಯಾರದ ತಂತಿ ಇಲ್ಲದೆ ಅಕ್ಷರ ಕಳಿಸುವ) ಬಳಕೆಯನ್ನಷ್ಟೇ ಹೇಳುತ್ತೇನೆ. ರಿಜಿಸ್ಟರ್ ಬೆಲೆಗಳನ್ನೆಲ್ಲ ಬೈನರಿಯಲ್ಲೇ ಕೊಟ್ಟಿದ್ದೇನೆ, ಎಡತುದಿಯದು ಬಿಟ್ 7.

ಒಳಗೆ ಹೋಗುವ ದಾರಿ

ಚಿಪ್ಪಿನಲ್ಲಿ ಎ, ಬಿ ಎಂದು ಎರಡು ಚಾನೆಲ್. ಪ್ರೊಸೆಸರಿಗೆ ಕಾಣುವುದು ನಾಲ್ಕೇ ವಿಳಾಸ: ಪ್ರತಿ ಚಾನೆಲಿಗೆ ಒಂದು ಕಂಟ್ರೋಲ್ ಪೋರ್ಟ್, ಒಂದು ಡೇಟಾ ಪೋರ್ಟ್. ಕಂಟ್ರೋಲ್ ಪೋರ್ಟಿನ ಹಿಂದೆ ಬರೆಯುವ ರಿಜಿಸ್ಟರುಗಳು ಹದಿನಾರು, ಡಬ್ಲ್ಯೂಆರ್ 0ರಿಂದ ಡಬ್ಲ್ಯೂಆರ್ 15ರವರೆಗೆ. ಆರ್‌ಆರ್ ಎಂಬ ಹೆಸರಿನ ಓದುವ ರಿಜಿಸ್ಟರುಗಳು ಅದಕ್ಕಿಂತ ಕಡಿಮೆ. ಒಂದೇ ಹೆಬ್ಬಾಗಿಲಿನ ವಠಾರದ ಹಾಗೆ: ಯಾವ ಮನೆಗೆ ಹೋಗಬೇಕೆಂದು ಬಾಗಿಲಲ್ಲಿ ಹೇಳಿಯೇ ಒಳಗೆ ಹೋಗಬೇಕು, ಹೇಳಿದ್ದು ಒಂದೇ ಸಲಕ್ಕೆ ನಡೆಯುತ್ತದೆ.

ಹೇಳುವ ಬಗೆ ಹೀಗೆ. ಸುಮ್ಮನೆ ಕಂಟ್ರೋಲ್ ಪೋರ್ಟಿಗೆ ಬರೆದದ್ದು ಡಬ್ಲ್ಯೂಆರ್ 0ಗೆ ಹೋಗುತ್ತದೆ. ಅದರ ಕೆಳಗಿನ ಮೂರು ಬಿಟ್ ಪಾಯಿಂಟರ್, ನಡುವಿನ ಮೂರು (ಬಿಟ್ 5, 4, 3) ಆಜ್ಞೆ, ಮೇಲಿನ ಎರಡು ಸಿಆರ್‌ಸಿ ಮತ್ತು ಅಂಡರ್‌ರನ್ ರೀಸೆಟ್‌ಗೆ (ಇವು ಸಿಂಕ್ರೊನಸ್ ಬಳಕೆಯವು). ಮೂರು ಬಿಟ್‌ನಲ್ಲಿ ಎಂಟು ರಿಜಿಸ್ಟರನ್ನಷ್ಟೇ ತೋರಿಸಬಹುದಲ್ಲ, ಹಾಗಾಗಿ 8ರಿಂದ 15ಕ್ಕೆ 001 ಎಂಬ ‘ಮೇಲಿನ ಗುಂಪು’ ಆಜ್ಞೆ ಇದೆ. ಬಿಟ್‌ಗಳು ಅನುಕೂಲವಾಗಿ ಕೂತಿರುವುದರಿಂದ 12 ಬೇಕಿದ್ದರೆ 00001100 ಎಂದು ಸಂಖ್ಯೆಯನ್ನೇ ಬರೆದರಾಯಿತು. ಮುಂದಿನ ಒಂದು ಓದು ಅಥವಾ ಒಂದು ಬರಹ ಆ ರಿಜಿಸ್ಟರಿಗೆ ಸಲ್ಲುತ್ತದೆ, ಅದು ಮುಗಿದೊಡನೆ ಪಾಯಿಂಟರ್ ಸೊನ್ನೆಗೆ ಮರಳುತ್ತದೆ. ಓದಿದರೂ ಮರಳುತ್ತದೆ, ಬರೆದರೂ ಮರಳುತ್ತದೆ. ಮುಂದೆ ಬರುವ ಅರ್ಧ ತೊಂದರೆಗಳ ಬೇರು ಇದೇ.

ಡೇಟಾ ಪೋರ್ಟಿಗೆ ಈ ಗೋಜಿಲ್ಲ. ಡೇಟಾವೋ ಕಂಟ್ರೋಲೋ ಎಂದು ತಿಳಿಸುವ ಡಿ/ಸಿ ಪಿನ್ ಮೇಲಿದ್ದರೆ (ಅಂದರೆ 1 ಇದ್ದರೆ) ನೇರ ಡೇಟಾ.

ಮೊದಲು ಬಸ್ ಸರಿಯಿದೆಯೇ ನೋಡಿ

ಚಿಪ್ಪಿಗೆ ಪ್ರತ್ಯೇಕ ರೀಸೆಟ್ ಪಿನ್ ಇಲ್ಲ. ಓದುವ, ಬರೆಯುವ ಎರಡೂ ಸ್ಟ್ರೋಬ್‌ಗಳನ್ನು (ಓದು, ಬರಹದ ಕ್ಷಣ ತಿಳಿಸುವ ತಂತಿಗಳು) ಒಟ್ಟಿಗೆ ಕೆಳಗಿಳಿಸಿದರೆ ಅದೇ ರೀಸೆಟ್. ಬೋರ್ಡಿನಲ್ಲಿ ಆ ಗೇಟುಗಳು ಕೆಟ್ಟಿದ್ದರೆ ಕರೆಂಟ್ ಬಂದಾಗ ಪಾಯಿಂಟರ್ ಎಲ್ಲಿದೆ ಎಂದು ಹೇಳಲಾಗದು. ಆದ್ದರಿಂದ ಎರಡೂ ಚಾನೆಲಿನ ಕಂಟ್ರೋಲ್ ಪೋರ್ಟನ್ನು ಒಮ್ಮೊಮ್ಮೆ ಸುಮ್ಮನೆ ಓದಿ ಬಿಸಾಕಿ, ಪಾಯಿಂಟರ್ ಸೊನ್ನೆಯಾಗುತ್ತದೆ. ಆಮೇಲೆ ಡಬ್ಲ್ಯೂಆರ್ 9ಕ್ಕೆ 11000000 ಬರೆದರೆ ಇಡೀ ಚಿಪ್ ರೀಸೆಟ್.

ಈಗ ಎ ಚಾನೆಲಿನ ಡಬ್ಲ್ಯೂಆರ್ 12ಕ್ಕೆ 01010101, ಬಿ ಚಾನೆಲಿನ ಡಬ್ಲ್ಯೂಆರ್ 12ಕ್ಕೆ 10101010 ಬರೆದು ಎರಡನ್ನೂ ಓದಿ. ಬಾಡ್ ರೇಟಿನ (ಸೆಕೆಂಡಿಗೆ ಎಷ್ಟು ಬಿಟ್ ಎಂಬ ವೇಗ) ಬೆಲೆ ಇಡುವ 12 ಮತ್ತು 13 ಬರೆದಂತೆಯೇ ಓದಲು ಸಿಗುವ ರಿಜಿಸ್ಟರುಗಳು, ಹೀಗಾಗಿ ಪರೀಕ್ಷೆಗೆ ಹೇಳಿ ಮಾಡಿಸಿದಂತಿವೆ. ಎರಡರಲ್ಲೂ 10101010 ಬಂದರೆ ಚಾನೆಲ್ ಆರಿಸುವ ಎ/ಬಿ ಪಿನ್ ಎಲ್ಲೋ ಅಂಟಿಕೊಂಡಿದೆ. ಎಲ್ಲ ಬಿಟ್ 1 ಬಂದರೆ ಚಿಪ್ ಸೆಲೆಕ್ಟ್ ಆಗಿಯೇ ಇಲ್ಲವೆಂಬ ಅನುಮಾನ. ಬಿಟ್ 6, ಬಿಟ್ 2 ಎರಡೂ 1 ಇರುವ 01000100ದಂಥ ಬೆಲೆ ಪ್ರತಿ ಸಲವೂ ಬಂದರೆ ನೀವು ಓದುತ್ತಿರುವುದು ಆರ್‌ಆರ್ 0. ಅಂದರೆ ಪಾಯಿಂಟರ್ ಬರಹ ಚಿಪ್ಪಿನೊಳಗೆ ಇಳಿಯುತ್ತಿಲ್ಲ, ಬರೆಯುವ ಸ್ಟ್ರೋಬನ್ನು ಸ್ಕೋಪಿನಲ್ಲಿ ನೋಡಿ.

ಎ, ಬಿ ಅದಲುಬದಲಾಗಿದ್ದರೆ ಈ ಪರೀಕ್ಷೆ ಹಿಡಿಯುವುದಿಲ್ಲ, ಎರಡೂ ಕಡೆ ಬರೆದದ್ದೇ ಸಿಗುತ್ತದೆ. ಅದಕ್ಕೆ ಆರ್‌ಆರ್ 2 ಬೇಕು. ಇಂಟರಪ್ಟ್ (ಕೈಯಲ್ಲಿರುವ ಕೆಲಸ ನಿಲ್ಲಿಸಿ ಇತ್ತ ನೋಡು ಎಂದು ಚಿಪ್ ಪ್ರೊಸೆಸರಿಗೆ ಕೊಡುವ ಕರೆ) ಬಂದಾಗ ಚಿಪ್ ಕೊಡುವ ಗುರುತಿನ ಸಂಖ್ಯೆ, ಅಂದರೆ ವೆಕ್ಟರ್, ಇಡುವ ಡಬ್ಲ್ಯೂಆರ್ 2 ಎರಡೂ ಚಾನೆಲಿಗೆ ಒಂದೇ. ಎ ಕಡೆಯಿಂದ ಓದಿದರೆ ಬರೆದ ಬೆಲೆ ಹಾಗೇ ಬರುತ್ತದೆ, ಬಿ ಕಡೆಯಿಂದ ಓದಿದರೆ ಅದರಲ್ಲಿ ಆ ಕ್ಷಣದ ಇಂಟರಪ್ಟ್ ಸ್ಥಿತಿ ಬೆರೆತು ಬರುತ್ತದೆ. ರೀಸೆಟ್ ಆದಮೇಲೆ, ಯಾವ ಇಂಟರಪ್ಟೂ ಬಾಕಿಯಿಲ್ಲದಾಗ, ಡಬ್ಲ್ಯೂಆರ್ 2ಕ್ಕೆ ಸೊನ್ನೆ ಬರೆದು ಓದಿದರೆ ಎ ಕಡೆ 00000000, ಬಿ ಕಡೆ 00000110 ಬರಬೇಕು. ತಿರುಗಾಮುರುಗಾ ಬಂದರೆ ವಿಳಾಸದ ತಂತಿಯೋ, ಪ್ರೋಗ್ರಾಮಿನ ವಿಳಾಸಪಟ್ಟಿಯೋ ತಲೆಕೆಳಗಾಗಿದೆ.

ಇಲ್ಲೊಂದು ಎಚ್ಚರಿಕೆ. ಡಬ್ಲ್ಯೂಆರ್ 3, 4, 5ನ್ನು ಹಳೆಯ ಚಿಪ್ಪಿನಲ್ಲಿ ಓದಲಾಗದು. ಪಾಯಿಂಟರಿಗೆ 4 ಕೊಟ್ಟು ಓದಿದರೆ ಬರುವುದು ಆರ್‌ಆರ್ 0ಯ ಪ್ರತಿಬಿಂಬ, 5 ಕೊಟ್ಟರೆ ಆರ್‌ಆರ್ 1ರದು. ‘ಬರೆದದ್ದು ನಿಂತಿಲ್ಲ’ ಎಂದು ಚಿಪ್ಪನ್ನು ಕಸದ ಬುಟ್ಟಿಗೆ ಹಾಕುವ ಮುನ್ನ ಇದು ನೆನಪಿರಲಿ. ಏನು ಬರೆದೆವೆಂಬ ನಕಲನ್ನು ಪ್ರೋಗ್ರಾಮೇ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು. ಲಿನಕ್ಸ್‌ನ ಡ್ರೈವರುಗಳು ಮಾಡುವುದೂ ಅದನ್ನೇ.

ಪಾಯಿಂಟರ್ ತಪ್ಪಿದಾಗ ಏನಾಗುತ್ತದೆ

ಮೊದಲಲ್ಲಿ ಹೇಳಿದ ದೂರನ್ನೇ ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಮುಖ್ಯ ಪ್ರೋಗ್ರಾಂ ಎ ಚಾನೆಲಿನ ಆರ್‌ಟಿಎಸ್ (ಕಳಿಸಬೇಕಿದೆ ಎಂದು ಆಚೆಗೆ ತಿಳಿಸುವ) ತಂತಿಯನ್ನು ಏರಿಸಬೇಕೆಂದು ಹೊರಡುತ್ತದೆ. ಅದಕ್ಕೆ ಡಬ್ಲ್ಯೂಆರ್ 5ಕ್ಕೆ 11101010 ಬರೆಯಬೇಕು: ಡಿಟಿಆರ್ (‘ನಾನು ಸಿದ್ಧ’ ಎಂದು ತಿಳಿಸುವ ತಂತಿ), ಎಂಟು ಬಿಟ್, ಟ್ರಾನ್ಸ್‌ಮಿಟರ್ ಚಾಲೂ, ಆರ್‌ಟಿಎಸ್. ಮೊದಲ ಹೆಜ್ಜೆಯಾಗಿ 00000101 ಬರೆದು ಪಾಯಿಂಟರನ್ನು 5ಕ್ಕೆ ತಿರುಗಿಸುತ್ತದೆ. ಸರಿಯಾಗಿ ಆಗಲೇ ಇಂಟರಪ್ಟ್ ಬರುತ್ತದೆ.

ಇಂಟರಪ್ಟ್ ರೂಟೀನಿಗೆ ಪಾಯಿಂಟರ್ 5ರಲ್ಲಿರುವುದು ಗೊತ್ತಿಲ್ಲ. ಯಾರು ಕರೆದರೆಂದು ನೋಡಲು ಆರ್‌ಆರ್ 3 ಓದಬೇಕಲ್ಲ, 00000011 ಬರೆಯುತ್ತದೆ. ಅದು ಡಬ್ಲ್ಯೂಆರ್ 0ಗೆ ಹೋಗದೆ ನೇರ ಡಬ್ಲ್ಯೂಆರ್ 5ರಲ್ಲಿ ಕೂರುತ್ತದೆ. ಬಿಟ್ 3 ಸೊನ್ನೆಯಾಯಿತು, ಟ್ರಾನ್ಸ್‌ಮಿಟರ್ ಬಂದ್. ಬಿಟ್ 7 ಸೊನ್ನೆ, ಡಿಟಿಆರ್ ಬಿದ್ದುಹೋಯಿತು. ಪಾಯಿಂಟರ್ ಸೊನ್ನೆಗೆ ಮರಳಿದ್ದರಿಂದ ರೂಟೀನ್ ಈಗ ಓದುವುದು ಆರ್‌ಆರ್ 0, ಆದರೆ ಅದನ್ನು ಆರ್‌ಆರ್ 3 ಎಂದೇ ಅರ್ಥಮಾಡಿಕೊಳ್ಳುತ್ತದೆ. ಆರ್‌ಆರ್ 0ಯಲ್ಲಿ ಬಿಟ್ 2 ಎಂದರೆ ‘ಕಳುಹಿಸುವ ಬಫರ್ ಖಾಲಿ’. ಆರ್‌ಆರ್ 3ರಲ್ಲಿ ಅದೇ ಬಿಟ್ ‘ಬಿ ಚಾನೆಲಿಗೆ ಅಕ್ಷರ ಬಂದಿದೆ’. ರೂಟೀನ್ ಬಿ ಚಾನೆಲಿಗೆ ಹೋಗಿ, ಬಾರದ ಅಕ್ಷರವನ್ನು ಎತ್ತಿಕೊಂಡು ಬರುತ್ತದೆ. ಪಕ್ಕದ ಪೋರ್ಟಿನಲ್ಲಿ ತೂರಿಕೊಂಡ ಆ ಅನಾಥ ಅಕ್ಷರ ಇದು.

ಕಥೆ ಮುಗಿಯಲಿಲ್ಲ. ಇಂಟರಪ್ಟ್ ಮುಗಿದು ಮುಖ್ಯ ಪ್ರೋಗ್ರಾಂ ಮುಂದುವರಿದಾಗ ತನ್ನ 11101010 ಅನ್ನು ಬರೆಯುತ್ತದೆ. ಅದು ಈಗ ಡಬ್ಲ್ಯೂಆರ್ 0ಗೆ. ನಡುವಿನ ಮೂರು ಬಿಟ್ 101, ಅಂದರೆ ‘ಬಾಕಿಯಿರುವ ಟ್ರಾನ್ಸ್‌ಮಿಟ್ ಇಂಟರಪ್ಟನ್ನು ಅಳಿಸು’. ಕೆಳಗಿನ ಮೂರು 010, ಪಾಯಿಂಟರ್ 2ಕ್ಕೆ. ಮುಂದಿನ ಇಂಟರಪ್ಟಿನಲ್ಲಿ ರೂಟೀನ್ ಬರೆಯುವ 00000011 ವೆಕ್ಟರ್ ರಿಜಿಸ್ಟರಿಗೆ ಹೋಗುತ್ತದೆ. ಅದರ ಮುಂದಿನ ಸುತ್ತಿಗೆ ಪಾಯಿಂಟರ್ ತಾನಾಗಿಯೇ ತಾಳಕ್ಕೆ ಬಂದಿರುತ್ತದೆ. ಹೊರಗಿನಿಂದ ನೋಡಿದವರಿಗೆ ಚಿಪ್ ಸರಿಯಾಗೇ ಇದೆ, ಅಕ್ಷರ ಬರುತ್ತಿವೆ, ಕಳುಹಿಸುವುದು ಮಾತ್ರ ಸತ್ತಿದೆ.

ಇದಾಗಿದೆಯೇ ಎಂದು ತಿಳಿಯಲು ಬೆರಳಚ್ಚು ಉಳಿದಿರುತ್ತದೆ. ಪೋರ್ಟ್ ಸತ್ತ ಸ್ಥಿತಿಯಲ್ಲೇ, ರೀಸೆಟ್ ಮಾಡದೆ, ಎ ಚಾನೆಲಿನಿಂದ ಆರ್‌ಆರ್ 2 ಓದಿ. ನೀವು ಇಟ್ಟ ವೆಕ್ಟರ್ ಬದಲು 16ಕ್ಕಿಂತ ಚಿಕ್ಕ ಸಂಖ್ಯೆ ಸಿಕ್ಕರೆ, ಯಾರದೋ ಪಾಯಿಂಟರ್ ಸಂಖ್ಯೆ ಅಲ್ಲಿಗೆ ಹೋಗಿ ಬಿದ್ದಿದೆ. ಜೊತೆಗೆ ಮೀಟರಿನಲ್ಲಿ ಡಿಟಿಆರ್ ಪಿನ್ ನೋಡಿ. ಯಾರೂ ಬೀಳಿಸದ ಡಿಟಿಆರ್ ಬಿದ್ದಿದ್ದರೆ ಮತ್ತೆ ಅನುಮಾನ ಬೇಡ.

ಪರಿಹಾರ ಸರಳ: ಪಾಯಿಂಟರ್ ಬರಹ ಮತ್ತು ಅದರ ನಂತರದ ಓದು-ಬರಹ ಎರಡನ್ನೂ ಒಂದೇ ಫಂಕ್ಷನ್ನಿನೊಳಗೆ ಹಾಕಿ, ಅಷ್ಟು ಹೊತ್ತು ಪ್ರೊಸೆಸರಿನಲ್ಲೇ ಇಂಟರಪ್ಟ್ ತಡೆಯಿರಿ. ಚಿಪ್ಪಿನ ಒಟ್ಟು ಇಂಟರಪ್ಟ್ ಸ್ವಿಚ್ಚು ಡಬ್ಲ್ಯೂಆರ್ 9ರಲ್ಲಿ ಇದೆಯೆಂದು ಅದರಿಂದ ತಡೆಯಲು ಹೋಗುವವರಿದ್ದಾರೆ. ಅದಕ್ಕೆ ಬರೆಯಲೂ ಪಾಯಿಂಟರ್ ಬೇಕು, ಅಂದರೆ ಬಾಗಿಲು ಹಾಕಲು ಹೋಗುವಾಗಲೇ ಕಳ್ಳ ಒಳಗೆ. ಬೀಗ ಇಡೀ ಚಿಪ್ಪಿಗೆ ಒಂದೇ ಇರಲಿ, ಚಾನೆಲಿಗೊಂದರಂತೆ ಬೇಡ.

ಇಂಟರಪ್ಟ್ ಇಲ್ಲದೆಯೂ ಪಾಯಿಂಟರ್ ಕೆಡುವುದುಂಟು. ಡಿಬಗರಿನಲ್ಲಿ ಮೆಮೊರಿ ಕಿಟಕಿಯನ್ನು ಈ ವಿಳಾಸದ ಮೇಲೆ ತೆರೆದಿಟ್ಟರೆ ಅದು ಪ್ರತಿ ಹೆಜ್ಜೆಗೂ ಕಂಟ್ರೋಲ್ ಪೋರ್ಟ್ ಓದಿ ಪಾಯಿಂಟರನ್ನು ಸೊನ್ನೆ ಮಾಡುತ್ತಿರುತ್ತದೆ, ಡೇಟಾ ಪೋರ್ಟ್ ಓದಿ ಅಕ್ಷರ ನುಂಗುತ್ತಿರುತ್ತದೆ. ದೋಷ ಹುಡುಕುವ ಉಪಕರಣವೇ ದೋಷ. ಬಸ್ ಸೇತುವೆಯಲ್ಲಿ ತಡೆದು ನಿಂತ ಬರಹವನ್ನು ಮುಂದೆ ತಳ್ಳಲೆಂದು ಅದೇ ಪೋರ್ಟನ್ನು ಒಮ್ಮೆ ಓದುವ ರೂಢಿ ಬೇರೆ ಚಿಪ್ಪುಗಳಲ್ಲಿ ನಡೆದೀತು, ಇಲ್ಲಿ ನಡೆಯದು.

ಉಸಿರಾಡಲು ಸಮಯ ಕೊಡದಿದ್ದರೆ

ಪ್ರಿಂಟ್ ಸಾಲುಗಳನ್ನು ಹಾಕಿದರೆ ಕೆಲಸ ಮಾಡುತ್ತದೆ, ತೆಗೆದರೆ ಕೆಡುತ್ತದೆ ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಇದೇ. ಎರಡು ಸಂಪರ್ಕಗಳ ನಡುವೆ ಚಿಪ್ಪಿಗೆ ಬಿಡುವು ಬೇಕು. ಹಳೆಯ ಎನ್‌ಮಾಸ್ ತಂತ್ರಜ್ಞಾನದ 8530ಕ್ಕೆ ಪಿಕ್ಲಾಕಿನ (ಚಿಪ್ಪಿಗೆ ಕೊಡುವ ಮುಖ್ಯ ಗಡಿಯಾರ) ಆರು ಸುತ್ತಿಗಿಂತ ತುಸು ಹೆಚ್ಚು, ಆಮೇಲಿನ ಸೀಮಾಸ್ ಚಿಪ್ಪುಗಳಿಗೆ ಸುಮಾರು ನಾಲ್ಕು ಸುತ್ತು. ಪಿಕ್ಲಾಕ್ 4.9152 ಮೆಗಾಹರ್ಟ್ಸ್ ಇದ್ದರೆ ಒಂದು ಸುತ್ತು 203 ನ್ಯಾನೊಸೆಕೆಂಡ್, ಆರು ಸುತ್ತಿಗೆ 1.2 ಮೈಕ್ರೊಸೆಕೆಂಡ್ ದಾಟುತ್ತದೆ. ಹಳೆಯ ಪ್ರೊಸೆಸರುಗಳ ಕಾಲದಲ್ಲಿ ಇಷ್ಟು ಬಿಡುವು ತಾನಾಗೇ ಸಿಗುತ್ತಿತ್ತು. ಬೋರ್ಡಿಗೆ ವೇಗದ ಪ್ರೊಸೆಸರ್ ಹಾಕಿದವರಿಗೆ ಸಿಗುವುದಿಲ್ಲ. ಲಿನಕ್ಸ್‌ನಲ್ಲಿ ಸನ್‌ನ 32 ಬಿಟ್ ಯಂತ್ರಗಳ ಡ್ರೈವರ್ ಪ್ರತಿ ಸಂಪರ್ಕದ ನಂತರ 5 ಮೈಕ್ರೊಸೆಕೆಂಡ್ ಕಾಯುವುದು ಇದಕ್ಕಾಗಿಯೇ. ಒಂದು ಸ್ಟ್ರೋಬ್ ಏರಿದಲ್ಲಿಂದ ಮುಂದಿನದು ಇಳಿಯುವವರೆಗೆ ಸ್ಕೋಪಿನಲ್ಲಿ ಅಳೆಯಿರಿ. ಎ ಮುಟ್ಟಿ ತಕ್ಷಣ ಬಿ ಮುಟ್ಟಿದರೂ ಲೆಕ್ಕ ಒಂದೇ.

ಒಂದು ಪೋರ್ಟ್ ತೆರೆದರೆ ಇನ್ನೊಂದು ಸಾಯುತ್ತದೆ

ಇದಕ್ಕೆ ಉತ್ತರ ಡಬ್ಲ್ಯೂಆರ್ 9. ಅದೂ ಎರಡು ಚಾನೆಲಿಗೆ ಒಂದೇ. ಎ ಪೋರ್ಟ್ ತೆರೆಯುವ ಕೋಡ್ ಅಭ್ಯಾಸಬಲದಿಂದ 11000000 ಬರೆದರೆ ಬಿ ಚಾನೆಲೂ ರೀಸೆಟ್ ಆಗುತ್ತದೆ. ಎ ಮಾತ್ರ ರೀಸೆಟ್ ಆಗಲಿ ಎಂದು 10000000 ಬರೆದರೂ ಪೂರ್ತಿ ಪಾರಾಗಲಿಲ್ಲ. ಅದೇ ಬರಹದಲ್ಲಿ ಕೆಳಗಿನ ಬಿಟ್‌ಗಳೂ ಹೋಗುತ್ತವೆ, ಬಿಟ್ 3 ಸೊನ್ನೆಯಾಗಿ ಒಟ್ಟು ಇಂಟರಪ್ಟ್ ಬಂದ್. ಬಿ ಚಾನೆಲಿನ ಸೆಟ್ಟಿಂಗ್ ಎಲ್ಲ ಹಾಗೇ ಇರುತ್ತದೆ, ಇಂಟರಪ್ಟ್ ಮಾತ್ರ ಬರುವುದಿಲ್ಲ. ರೀಸೆಟ್ ಆದ ಮೇಲೆ ನಕಲಿನಲ್ಲಿರುವ ಕೆಳಬಿಟ್‌ಗಳನ್ನು ಮತ್ತೆ ಬರೆಯಿರಿ.

ಇಂಟರಪ್ಟ್ ಮೊದಲಿಂದಲೇ ಬರದಿದ್ದರೆ ಐಇಐ ಪಿನ್ (ಚಿಪ್ಪುಗಳ ಸರಪಳಿಯಲ್ಲಿ ಇಂಟರಪ್ಟ್ ಕೊಡಲು ಅನುಮತಿ ಒಳಬರುವ ಪಿನ್) ನೋಡಿ. ಸರಪಳಿಯಲ್ಲಿ ಒಂದೇ ಚಿಪ್ ಇದ್ದರೆ ಅದು 5 ವೋಲ್ಟಿಗೆ ಕಟ್ಟಿರಬೇಕು, ತೇಲುತ್ತಿರಬಾರದು. ಬಳಸದ ಇಂಟ್‌ಆಕ್ (ಇಂಟರಪ್ಟ್ ಸ್ವೀಕರಿಸಿದೆ ಎಂದು ಪ್ರೊಸೆಸರ್ ತಿಳಿಸುವ) ಪಿನ್ನಿಗೂ ಹಾಗೇ. ಒಂದು ಸಲ ಬಂದು ಆಮೇಲೆ ಬಾರದಿದ್ದರೆ ಆರ್‌ಆರ್ 3 ಓದಿ (ಎ ಕಡೆಯಿಂದ ಮಾತ್ರ, ಬಿ ಕಡೆ ಸದಾ ಸೊನ್ನೆ). ಅಲ್ಲಿ ಬಾಕಿ ಬಿಟ್‌ಗಳಿದ್ದೂ ಇಂಟರಪ್ಟ್ ಪಿನ್ ಕೆಳಗಿಳಿಯದೆ ಮೇಲೇ ಇದ್ದರೆ, ಇಂಟ್‌ಆಕ್ ಬಳಸುವ ಬೋರ್ಡುಗಳಲ್ಲಿ ರೂಟೀನಿನ ಕೊನೆಗೆ ಡಬ್ಲ್ಯೂಆರ್ 0ಗೆ 00111000 (‘ಈ ಇಂಟರಪ್ಟ್ ಮುಗಿಯಿತು’ ಎಂಬ ಆಜ್ಞೆ) ಬರೆಯುವುದು ಮರೆತಿದೆ. ಆದ್ಯತೆಯಲ್ಲಿ ಎ ಚಾನೆಲಿನ ರಿಸೀವ್ ಎಲ್ಲಕ್ಕಿಂತ ಮೇಲೆ, ಹಾಗಾಗಿ ಅದೊಂದು ಮುಗಿದಿಲ್ಲವೆಂದು ಚಿಪ್ ಅಂದುಕೊಂಡರೆ ಉಳಿದ ಐದೂ ಬಾಗಿಲಲ್ಲೇ ನಿಲ್ಲುತ್ತವೆ. ಟ್ರಾನ್ಸ್‌ಮಿಟ್ ಇಂಟರಪ್ಟಿನದು ಬೇರೆ ಗುಣ: ಬಫರ್ ಖಾಲಿ ಇದ್ದರೆ ಬಾರದು, ಖಾಲಿ ಆದಾಗ ಬರುತ್ತದೆ. ಮೊದಲ ಅಕ್ಷರವನ್ನು ನೀವೇ ತಳ್ಳಬೇಕು.

ಅಕ್ಷರ ಕಲಸುಮೇಲೋಗರ

ಬಾಡ್ ರೇಟಿನ ಲೆಕ್ಕ: ಗಡಿಯಾರದ ಆವರ್ತನವನ್ನು ಬಾಡ್ ರೇಟಿನ ಎರಡರಷ್ಟರಿಂದಲೂ ಕ್ಲಾಕ್ ಗುಣಕದಿಂದಲೂ (ಸಾಮಾನ್ಯವಾಗಿ 16) ಭಾಗಿಸಿ, ಎರಡು ಕಳೆಯಿರಿ. 4.9152 ಮೆಗಾಹರ್ಟ್ಸ್, 9600 ಬಾಡ್ ಆದರೆ 16ರಲ್ಲಿ 2 ಕಳೆದು 14. ಆ ಎರಡನ್ನು ಕಳೆಯಲು ಮರೆಯುವುದು ಮಾಮೂಲಿ. ಪಿಕ್ಲಾಕ್ 4 ಮೆಗಾಹರ್ಟ್ಸ್ ಇರುವ ಬೋರ್ಡಿನಲ್ಲಿ 9600ಕ್ಕೆ 11 ಬರೆದರೆ ತಪ್ಪು ಶೇಕಡಾ 0.2ಕ್ಕೂ ಕಡಿಮೆ, ನಡೆಯುತ್ತದೆ. ಅದೇ ಬೋರ್ಡಿನಲ್ಲಿ 19200 ಬೇಕೆಂದರೆ 4 ಬರೆದರೆ 20833, 5 ಬರೆದರೆ 17857. ಎರಡೂ ಉಪಯೋಗವಿಲ್ಲ. ‘9600ರಲ್ಲಿ ಸರಿ, 19200ರಲ್ಲಿ ಕಸ’ ಎಂದರೆ ಕೇಬಲ್ ಉದ್ದ ಅಳೆಯುವ ಮುನ್ನ ಕ್ರಿಸ್ಟಲ್ ಮೇಲಿನ ಸಂಖ್ಯೆ ಓದಿ. 3.6864 ಮೆಗಾಹರ್ಟ್ಸ್‌ನಲ್ಲಿ, 16ರ ಗುಣಕ ಇಟ್ಟುಕೊಂಡು, ಒಳಗಿನ ಬಾಡ್ ರೇಟ್ ಜನರೇಟರಿನಿಂದ 57600ಕ್ಕಿಂತ ಮೇಲೆ ಹೋಗಲಾಗದು. ಬರೆಯುವ ಬೆಲೆ ಅಲ್ಲಿಗೇ ಸೊನ್ನೆ ಮುಟ್ಟಿರುತ್ತದೆ.

ಲೆಕ್ಕ ಸರಿಯಿದ್ದೂ ಅನುಮಾನವಿದ್ದರೆ ಡಬ್ಲ್ಯೂಆರ್ 11ಕ್ಕೆ 01010110 ಬರೆಯಿರಿ. ಜನರೇಟರಿನ ಹೊರಹರಿವು ಟಿಆರ್‌ಎಕ್ಸ್‌ಸಿ ಪಿನ್ನಿಗೆ ಬರುತ್ತದೆ, 9600 ಬಾಡಿಗೆ ಅಲ್ಲಿ 153.6 ಕಿಲೊಹರ್ಟ್ಸ್ ಕಾಣಬೇಕು. ಆ ಪಿನ್ನಿಗೆ ಹೊರಗಿನಿಂದ ಗಡಿಯಾರ ಬರುತ್ತಿದ್ದರೆ ಮಾತ್ರ ಇದನ್ನು ಮಾಡಬೇಡಿ, ಎರಡು ಔಟ್‌ಪುಟ್ ಮುಖಾಮುಖಿಯಾಗುತ್ತವೆ. ಏನೂ ಕಾಣದಿದ್ದರೆ ಡಬ್ಲ್ಯೂಆರ್ 14ರ ಕೊನೆಯ ಎರಡು ಬಿಟ್ ನೋಡಿ: ಬಿಟ್ 0 ಜನರೇಟರ್ ಚಾಲೂ, ಬಿಟ್ 1 ಇದ್ದರೆ ಮೂಲ ಪಿಕ್ಲಾಕ್, ಇಲ್ಲದಿದ್ದರೆ ಆರ್‌ಟಿಎಕ್ಸ್‌ಸಿ ಪಿನ್.

ಒಂದು ಅಕ್ಷರಕ್ಕೆ ಎಷ್ಟು ಬಿಟ್ ಎಂಬುದರಲ್ಲೂ ಒಂದು ಗುಂಡಿ ಇದೆ. 00 ಎಂದರೆ ಐದು ಬಿಟ್, 11 ಎಂದರೆ ಎಂಟು, ಆದರೆ 01 ಏಳು, 10 ಆರು. ಬರುವುದಕ್ಕೆ ಡಬ್ಲ್ಯೂಆರ್ 3ರಲ್ಲಿ, ಹೋಗುವುದಕ್ಕೆ ಡಬ್ಲ್ಯೂಆರ್ 5ರಲ್ಲಿ ಬೇರೆಬೇರೆಯಾಗಿ ಬರೆಯಬೇಕು. ಏಳು ಬಿಟ್ ಓದುವಾಗ ಮೇಲಿನ ಬಿಟ್ಟನ್ನು ಮಾಸ್ಕ್ ಮಾಡಿ, ಪ್ಯಾರಿಟಿ (ತಾಳೆ ನೋಡಲು ಸೇರಿಸುವ ಬಿಟ್) ಇದ್ದರೆ ಅದು ಅಲ್ಲೇ ಕೂತಿರುತ್ತದೆ.

ದೋಷದ ಬಿಟ್‌ಗಳು ಆರ್‌ಆರ್ 1ರಲ್ಲಿವೆ: 4 ಪ್ಯಾರಿಟಿ, 5 ಓವರ್‌ರನ್ (ಓದುವ ಮುಂಚೆ ಜಾಗ ತುಂಬಿ ಅಕ್ಷರ ಕಳೆದಿದೆ), 6 ಫ್ರೇಮಿಂಗ್ (ಅಕ್ಷರದ ಕೊನೆಯ ಸ್ಟಾಪ್ ಬಿಟ್ ಸಿಕ್ಕಿಲ್ಲ). ಅಕ್ಷರ ಓದುವ ಮುಂಚೆಯೇ ಆರ್‌ಆರ್ 1 ಓದಿ. ಅಕ್ಷರ ತೆಗೆದೊಡನೆ ಫೈಫೋ ಮುಂದೆ ಸರಿದು ಫ್ರೇಮಿಂಗ್ ಬಿಟ್ ಮುಂದಿನ ಅಕ್ಷರದ್ದಾಗುತ್ತದೆ. ಪ್ಯಾರಿಟಿ, ಓವರ್‌ರನ್ ಮಾತ್ರ 00110000 (‘ದೋಷ ಅಳಿಸು’) ಆಜ್ಞೆ ಕೊಡುವವರೆಗೆ ಅಂಟಿಕೊಂಡಿರುತ್ತವೆ. ಒಮ್ಮೆ ಓವರ್‌ರನ್ ಆದಮೇಲೆ ಪ್ರತಿ ಅಕ್ಷರಕ್ಕೂ ಓವರ್‌ರನ್ ಎಂದು ಲಾಗ್ ತುಂಬಿದರೆ ಆ ಆಜ್ಞೆ ಹೋಗಿಲ್ಲ. ಹಳೆಯ ಚಿಪ್ಪಿನ ಫೈಫೋ ಮೂರೇ ಅಕ್ಷರದ್ದು. 9600ರಲ್ಲಿ ಒಂದು ಅಕ್ಷರಕ್ಕೆ ಸುಮಾರು ಒಂದು ಮಿಲಿಸೆಕೆಂಡ್, ಆದ್ದರಿಂದ ನಿಜವಾದ ಓವರ್‌ರನ್ ಕಂಡರೆ ಯಾರೋ ಮೂರು ಮಿಲಿಸೆಕೆಂಡಿಗೂ ಹೆಚ್ಚು ಇಂಟರಪ್ಟ್ ತಡೆದು ಕೂತಿದ್ದಾರೆ.

ಕೊನೆಗೆ ಹೊರಗಿನ ತಂತಿ

ಇಷ್ಟಾದರೂ ಒಂದಕ್ಷರ ಹೊರಗೆ ಹೋಗದಿದ್ದರೆ ಡಬ್ಲ್ಯೂಆರ್ 14ರ ಬಿಟ್ 4 ಹಾಕಿ, ಕಳುಹಿಸಿದ್ದು ಚಿಪ್ಪಿನೊಳಗೇ ತಿರುಗಿ ಬರುತ್ತದೆ. ಇಲ್ಲಿ ಬಂದು, ಬಿಟ್ ತೆಗೆದರೆ ಹೋಗದಿದ್ದಲ್ಲಿ ತಕ್ಷಣ ಲೈನ್ ಡ್ರೈವರ್ ಮೇಲೆ ಬೀಳಬೇಡಿ. ಡಬ್ಲ್ಯೂಆರ್ 3ರ ಬಿಟ್ 5 ಹಾಕಿದ್ದರೆ ಸಿಟಿಎಸ್ (‘ಕಳಿಸಬಹುದು’ ಎಂದು ಆಚೆಯಿಂದ ಬರುವ ಸೂಚನೆ) ಬಂದ ಹೊರತು ಟ್ರಾನ್ಸ್‌ಮಿಟರ್ ಕದಲದು, ಡಿಸಿಡಿ (ಆಚೆಯಿಂದ ಸಂಪರ್ಕ ಸಿಕ್ಕಿದೆ ಎಂಬ ಸೂಚನೆ) ಬಂದ ಹೊರತು ರಿಸೀವರ್ ಕದಲದು. ಒಳಸುತ್ತಿನ ಪರೀಕ್ಷೆಯಲ್ಲಿ ಚಿಪ್ ಈ ಎರಡನ್ನೂ ಕೇಳುವುದಿಲ್ಲ, ಅದಕ್ಕೇ ಅಲ್ಲಿ ಪಾಸಾಗುತ್ತದೆ. ಆರ್‌ಆರ್ 0ಯಲ್ಲಿ ಬಿಟ್ 5 ಸಿಟಿಎಸ್, ಬಿಟ್ 3 ಡಿಸಿಡಿ, ಪಿನ್ ಕೆಳಗಿದ್ದರೆ ಆ ಬಿಟ್‌ನ ಬೆಲೆ 1. ಓದುವ ಮುನ್ನ 00010000 ಆಜ್ಞೆಯನ್ನು ಎರಡು ಸಲ ಕೊಡಿ, ಇಲ್ಲದಿದ್ದರೆ ಹಿಂದೆ ಯಾವಾಗಲೋ ಹಿಡಿದಿಟ್ಟ ಸ್ಥಿತಿಯೇ ಕಂಡೀತು. ಮೂರು ತಂತಿಯ ಕೇಬಲಿನಲ್ಲಿ ಸಿಟಿಎಸ್ ಬರುವುದೇ ಇಲ್ಲ: ಒಂದೋ ಕನೆಕ್ಟರಿನಲ್ಲಿ ಆರ್‌ಟಿಎಸ್-ಸಿಟಿಎಸ್ ಸೇರಿಸಿ ಬೆಸುಗೆ ಹಾಕಿ, ಇಲ್ಲವೇ ಡಬ್ಲ್ಯೂಆರ್ 3ಕ್ಕೆ 11000001 ಬರೆದು ಆ ಬಿಟ್ಟನ್ನು ಕೈಬಿಡಿ.